ಪತ್ನಿಗೆ ಬಂದಿಲ್ಲ

ಬೆಳಗಿನ ಏಳು ಗಂಟೆಯ ಹೊತ್ತಿಗೆ ಫಕೀರೇಶ ತನ್ನ ತಲೆಯ ತಪಾಸಣೆಯನ್ನು ಒಂದು ಸುತ್ತು ಮುಗಿಸಿದ್ದ. ಬಚ್ಚಲ ಕನ್ನಡಿಯ ಮುಂದೆ ನಿಂತು ನಾಲಿಗೆ ಚಾಚಿದ. ಅದು ಎಡಕ್ಕೂ ಬಲಕ್ಕೂ ವಾಲದೆ ನೆಟ್ಟಗೆ ಹೊರಗೆ ಬಂತು. ಹಲ್ಲು ಕಿರಿದ, ಬಾಯಿಯ ಎರಡೂ ಮೂಲೆಗಳು ಸಮನಾಗಿ ಎದ್ದವು. ಕಣ್ಣು ಮುಚ್ಚಿ ಎರಡೂ ಕೈಗಳನ್ನು ಮುಂದಕ್ಕೆ ಚಾಚಿ ಇಪ್ಪತ್ತರವರೆಗೆ ಎಣಿಸಿದ. ಯಾವ ಕೈಯೂ ಇಳಿಯಲಿಲ್ಲ. ಆಮೇಲೆ ಪಡಸಾಲೆಗೆ ಬಂದು ಫರಸಿ ಕಲ್ಲುಗಳ ಸಂದಿನ ಗೆರೆಯ ಮೇಲೆ, ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಹೆಬ್ಬೆರಳು ತಾಗಿಸುತ್ತ, ದೇವರ ಕೋಣೆಯ ಹೊಸ್ತಿಲಿನವರೆಗೆ ನಡೆದ. ಐವತ್ತಮೂರು ವರ್ಷ ವಯಸ್ಸಿನ, ಮುಂಡರಗಿಯ ಕಾಲೇಜೊಂದರಲ್ಲಿ ಪ್ರಥಮ ದರ್ಜೆ ಗುಮಾಸ್ತನಾಗಿರುವ ಮನುಷ್ಯ ಬರೀ ಬನಿಯನ್, ಲುಂಗಿಯಲ್ಲಿ ಹೀಗೆ ನಡೆಯುವುದನ್ನು ಯಾರಾದರೂ ಕಿಟಕಿಯಿಂದ ಕಂಡರೆ ಇವನ ತಲೆಯಲ್ಲಿ ಏನೋ ಆಗಿದೆ ಎಂದುಕೊಳ್ಳುವುದು ಖಂಡಿತ. ತಾನು ಮೂರು ವರ್ಷದಿಂದ ಹೇಳುತ್ತಿರುವುದೂ ಅದನ್ನೇ ಅಲ್ಲವೇ, ಎಂದು ಅವನಿಗೇ ನಗು ಬಂತು. ನಗುವಾಗ ಬಾಯಿ ಸೊಟ್ಟಗಾಯಿತೇನೋ ಎಂದು ಮತ್ತೆ ಕನ್ನಡಿಯ ಹತ್ತಿರ ಹೋದ.

ಕೊನೆಯ ಪರೀಕ್ಷೆ ಮೂಗಿನದು. ಮನೆಯಲ್ಲಿ ಯಾರೂ ಕಾಫಿ ಕುಡಿಯುವುದಿಲ್ಲ. ಆದರೂ ಒಂದು ಸಣ್ಣ ಬಾಟಲಿಯಲ್ಲಿ ಕಾಫಿ ಪುಡಿ ಇಟ್ಟುಕೊಂಡಿದ್ದ. ಕರ್ಪೂರ, ಸ್ಪಿರಿಟ್ಟು, ಮೆಣಸಿನಕಾಯಿಯ ಘಾಟು ಇವೆಲ್ಲ ಮೂಗನ್ನು ಚುಚ್ಚುವ ಪದಾರ್ಥಗಳು, ಅವುಗಳ ಸುದ್ದಿಯನ್ನು ಒಯ್ಯುವ ನರವೇ ಬೇರೆ, ವಾಸನೆಯ ನರವನ್ನು ಪರೀಕ್ಷಿಸಬೇಕಾದರೆ ಕಾಫಿಯಂಥ ಸೌಮ್ಯವಾದದ್ದೇ ಬೇಕು ಎಂದು ಕಚೇರಿಯ ಕಂಪ್ಯೂಟರಿನಲ್ಲಿ ಓದಿದ್ದ. ಒಂದು ಹೊಳ್ಳೆ ಮುಚ್ಚಿ ಇನ್ನೊಂದರಲ್ಲಿ ಎಳೆದುಕೊಂಡ, ಆಮೇಲೆ ಬದಲಿಸಿದ. ಅಡುಗೆಮನೆಗೆ ಹೋಗಿ ರೊಟ್ಟಿ ಬಡಿಯುತ್ತಿದ್ದ ಹೆಂಡತಿ ನೀಲಗಂಗವ್ವನ ಮೂಗಿನ ಮುಂದೆ ಬಾಟಲಿ ಹಿಡಿದ. ತನಗೆ ಬರುತ್ತಿರುವುದು ನಿಜವಾದ ವಾಸನೆಯೋ, ಮಿದುಳು ಹುಟ್ಟಿಸಿದ್ದೋ ಎಂದು ತಿಳಿಯಲು ಒಬ್ಬ ಸಾಕ್ಷಿ ಬೇಕಲ್ಲ.

"ಬರ್ತೈತ್ರಿ," ಎಂದಳು ಅವಳು, ಅವನು ಕೇಳುವ ಮೊದಲೇ, ರೊಟ್ಟಿಯಿಂದ ತಲೆ ಎತ್ತದೆ.

ಫೈಲಿನಲ್ಲಿ ಬರೆದ: ಎಡ, ಬಂತು. ಬಲ, ಬಂತು. ಪತ್ನಿಗೆ, ಬಂತು. ಹಸಿರು ರೆಕ್ಸಿನ್ ಹೊದಿಕೆಯ ಆ ಫೈಲಿನ ಬೆನ್ನಿಗೆ ಅವನು ಅಂಟಿಸಿದ್ದ ಚೀಟಿಯಲ್ಲಿ 'ತಲೆ' ಎಂದಷ್ಟೇ ಇತ್ತು. ಒಳಗೆ ಇನ್ನೂರ ಹದಿನಾಲ್ಕು ಪುಟ, ಪ್ರತಿ ಪುಟಕ್ಕೂ ಸಂಖ್ಯೆ, ಪ್ರತಿ ಲಕ್ಷಣಕ್ಕೂ ದಿನಾಂಕ ಮತ್ತು ಸಮಯ. ಕಾಲೇಜಿನ ಪ್ರಾಂಶುಪಾಲರು ಕೇಳಿದ ಕಡತ ಅವನಿಗೆ ಸಿಗಲು ವಾರ ಹಿಡಿಯುತ್ತಿತ್ತು. ತನ್ನ ತಲೆಯ ಯಾವ ನೋವು ಯಾವತ್ತಿನದು ಎಂಬುದನ್ನು ಮಾತ್ರ ಅರ್ಧ ನಿಮಿಷದಲ್ಲಿ ತೆಗೆದು ತೋರಿಸುತ್ತಿದ್ದ.

ಗದಗಿನ ಬಸ್ಸಿನಲ್ಲಿ ನೀಲಗಂಗವ್ವ ಕಿಟಕಿಯ ಕಡೆ ಕೂತಳು. ಹುಬ್ಬಳ್ಳಿಯ ನರರೋಗದ ಡಾಕ್ಟರು ಪ್ರತಿ ಗುರುವಾರ ಗದಗಿಗೆ ಬಂದು ಕೂರುತ್ತಿದ್ದರು, ಮತ್ತು ಪ್ರತಿ ಎರಡು ಮೂರು ತಿಂಗಳಿಗೊಮ್ಮೆ ಫಕೀರೇಶ ಒಂದು ದಿನದ ರಜೆ ಹಾಕಿ ಅವರ ಮುಂದೆ ಹೋಗಿ ಕೂರುತ್ತಿದ್ದ. ದಾರಿಯಲ್ಲಿ ತಲೆ ತಿರುಗಿ ಬಿದ್ದರೆ ಹಿಡಿದುಕೊಳ್ಳಲು ಒಬ್ಬರು ಬೇಕೆಂದು ಹೆಂಡತಿಯನ್ನು ಕರೆದೊಯ್ಯುತ್ತಿದ್ದ, ಇಲ್ಲಿಯವರೆಗೆ ಬಿದ್ದಿರಲಿಲ್ಲ. ಬಸ್ಸು ಡಂಬಳದ ಕಡೆ ತಿರುಗಿತು, ದೂರದಲ್ಲಿ ಕಪ್ಪತಗುಡ್ಡ ಮಬ್ಬಾಗಿ ಕಂಡಿತು. ನಿಜವಾಗಿ ಮಬ್ಬೋ, ತನ್ನ ಕಣ್ಣಿನ ನರದ ಮೇಲೆ ಏನಾದರೂ ಕೂತಿದೆಯೋ ಎಂದು ಒಂದು ಕಣ್ಣು ಮುಚ್ಚಿ ನೋಡಿದ. ಕಳೆದ ಮೂರು ವರ್ಷಗಳಲ್ಲಿ ಅವನಿಗೆ ಆಗದ ಗಡ್ಡೆ ಇರಲಿಲ್ಲ. ಮೊದಲು ಕಿವಿಯ ನರದ್ದು ಆಯಿತು: ಒಂದೇ ಕಿವಿಯಲ್ಲಿ ಗುಂಯ್ ಎನ್ನುವ ಸದ್ದು, ಆ ಕಡೆ ಫೋನಿನ ಮಾತು ಸರಿಯಾಗಿ ಕೇಳದು. ನರವನ್ನು ಉಳಿಸಿಕೊಂಡು ಗಡ್ಡೆಯನ್ನು ಹೇಗೆ ತೆಗೆಯುತ್ತಾರೆ, ತೆಗೆಯದೆ ವಿಕಿರಣವನ್ನೇ ಸೂಜಿಯಂತೆ ಗುರಿಯಿಟ್ಟು ಹೇಗೆ ಬಿಡುತ್ತಾರೆ ಎಂದೆಲ್ಲ ಓದಿಕೊಂಡು ಹೋದ ಮೇಲೆ ಕಿವಿ ಡಾಕ್ಟರು ಪಿಚಕಾರಿಯಿಂದ ನೀರು ಬಿಟ್ಟು ಹುಣಸೆ ಬೀಜದಷ್ಟು ಗುಗ್ಗೆ ತೆಗೆದು ತಟ್ಟೆಯಲ್ಲಿಟ್ಟು ತೋರಿಸಿದರು. ಆಮೇಲೆ ಪಿಟ್ಯುಟರಿ ಗ್ರಂಥಿಯದು: ಅದು ಉಬ್ಬಿದರೆ ಕೈಕಾಲು ದೊಡ್ಡದಾಗುತ್ತವಂತೆ, ಅಕ್ಕಪಕ್ಕದ್ದು ಕಾಣುವುದಿಲ್ಲವಂತೆ, ಕೆಲವಕ್ಕೆ ಗುಳಿಗೆಯೇ ಸಾಕಂತೆ, ಕೆಲವನ್ನು ಮೂಗಿನ ದಾರಿಯಿಂದಲೇ ಹೋಗಿ ತೆಗೆಯುತ್ತಾರಂತೆ. ಹೊಸ ಚಪ್ಪಲಿ ಬಿಗಿಯಾದ ದಿನ ಅವನು ಬಾಗಿಲಿಗೆ ಢಿಕ್ಕಿಯನ್ನೂ ಹೊಡೆದಿದ್ದ. ಅಂಗಡಿಯವನು ಎಂಟರ ಬದಲು ಏಳನೇ ನಂಬರಿನದು ಕೊಟ್ಟಿದ್ದು ಗೊತ್ತಾಗುವ ಹೊತ್ತಿಗೆ ಹನ್ನೊಂದು ಪುಟ ಬರೆದಾಗಿತ್ತು. ಬೇರೆ ಅಂಗದ ಕ್ಯಾನ್ಸರು ಮಿದುಳಿಗೆ ಹಬ್ಬುವುದೇ ಹೆಚ್ಚು ಎಂದು ಓದಿದ ವಾರ ಅವನು ಎದೆ, ಹೊಟ್ಟೆ, ಚರ್ಮ ಮೂರನ್ನೂ ತೋರಿಸಿಕೊಂಡು ಬಂದಿದ್ದ.

ಇದೆಲ್ಲ ಶುರುವಾದದ್ದು ಮಾಶಾಕನಿಂದ. ಕಾಲೇಜಿನ ಗ್ರಂಥಾಲಯದಲ್ಲಿ ಪುಸ್ತಕ ಕೊಡುವ ಕೆಲಸದಲ್ಲಿದ್ದ ಮಾಶಾಕ ಒಂದು ಮಧ್ಯಾಹ್ನ ಕಚೇರಿಗೆ ಬಂದು ಕೈ ಚಾಚಿ, "ಸರ್, ಅದು ಕೊಡ್ರಿ... ಅದು... ಬರಿಯೂದು," ಎಂದು ತಡಕಾಡಿದ್ದ. ಪೆನ್ನು ಎನ್ನುವ ಮಾತು ಅವನಿಗೆ ಸಿಕ್ಕಿರಲಿಲ್ಲ. ಎಲ್ಲರೂ ನಕ್ಕರು, ಎಲ್ಲರಿಗಿಂತ ಜೋರಾಗಿ ನಕ್ಕವನು ಫಕೀರೇಶ. "ಲೇ ಮಾಶಾಕ, ಮುಂಜಾನಿಂದನ ಹಾಕ್ಕೊಂಡೀಯೇನು?" ಎಂದೂ ಕೇಳಿದ್ದ. ತಪಾಸಣೆಯಲ್ಲಿ ಸಿಕ್ಕಿದ್ದು ಮಿದುಳಿನ ಗಡ್ಡೆ, ಗ್ಲಿಯೋಮಾ, ಅದರಲ್ಲಿಯೂ ನಾಲ್ಕನೆಯ ದರ್ಜೆಯದು. ತಲೆಬುರುಡೆ ತೆರೆದು ಕೈಲಾದಷ್ಟು ತೆಗೆದರು, ಆರು ವಾರ ವಿಕಿರಣ ಕೊಟ್ಟರು, ಗುಳಿಗೆ ಕೊಟ್ಟರು; ಮಾಶಾಕ ಟೊಪ್ಪಿಗೆ ಹಾಕಿಕೊಂಡು ಎರಡು ತಿಂಗಳು ಕೆಲಸಕ್ಕೂ ಬಂದ. ಹದಿನೈದನೆಯ ತಿಂಗಳಿಗೆ ತೀರಿಕೊಂಡ. ಮಣ್ಣು ಕೊಟ್ಟು ಬಂದ ರಾತ್ರಿ ಫಕೀರೇಶನಿಗೆ ನಿದ್ದೆ ಬರಲಿಲ್ಲ. ಅದು ದುಃಖವೆಂದು ತಿಳಿದುಕೊಂಡಿದ್ದ. ಬೆಳಗಾಗುವಾಗ ಗಮನಿಸಿದರೆ ತಾನು ಮಾಡುತ್ತಿದ್ದದ್ದು ಮನೆಯಲ್ಲಿನ ಸಾಮಾನುಗಳ ಹೆಸರುಗಳನ್ನು ಒಂದೊಂದಾಗಿ ಹೇಳಿಕೊಳ್ಳುವುದು. ಲಟ್ಟಣಿಗೆ, ಇಕ್ಕಳ, ಸೌಟು ಎಲ್ಲ ಸಿಕ್ಕವು. ಸತ್ತವನಿಗಾಗಿ ಒಂದು ರಾತ್ರಿಯನ್ನೂ ಪೂರ್ತಿ ಕೊಡಲಾಗದ ತನ್ನ ಬಗ್ಗೆ ಆಗ ನಾಚಿಕೆಯಾಗಿತ್ತು, ಆದರೆ ನಾಚಿಕೆಗಿಂತ ಹೆದರಿಕೆ ದೊಡ್ಡದಿತ್ತು.

ಹೆದರಿಕೆ ತುತ್ತತುದಿಗೆ ಹೋದದ್ದು ಹೋದ ವರ್ಷದ ಏಪ್ರಿಲಿನಲ್ಲಿ. ಅದು ವರ್ಷದ ಮಸಾಲೆ ಖಾರ ಹುರಿಯುವ ಕಾಲ. ಓಣಿಯ ಹತ್ತು ಮನೆಯವರು ತಂತಮ್ಮ ಮೆಣಸಿನಕಾಯಿ, ಕೊತ್ತಂಬರಿ ಬೀಜ, ಒಣಕೊಬ್ಬರಿ, ಲವಂಗ, ಚಕ್ಕೆ ಎಲ್ಲ ಹೊತ್ತುಕೊಂಡು ನೀಲಗಂಗವ್ವನ ಹಿತ್ತಲಿಗೇ ಬರುತ್ತಿದ್ದರು. ಅವಳು ಕಡಾಯಿಯೊಳಗೆ ನೋಡುತ್ತಲೇ ಇರಲಿಲ್ಲ. ಎತ್ತಲೋ ಮುಖ ಮಾಡಿ ಕೈಯಾಡಿಸುತ್ತ, ಮೂಗಿಗೆ ಹದ ತಿಳಿದ ಕ್ಷಣಕ್ಕೆ "ಇಳಸ್ರಿ" ಎನ್ನುತ್ತಿದ್ದಳು. ಅವಳ ಕೈಯಲ್ಲಿ ಹುರಿದ ಖಾರ ಮುಂದಿನ ಬೇಸಿಗೆಯವರೆಗೆ ಕಂಪು ಕಳೆದುಕೊಳ್ಳುತ್ತಿರಲಿಲ್ಲ. ಅವತ್ತು ಪಕ್ಕದ ಮನೆಯ ಗುಲಾಬಬಿಯ ಸರದಿ. ಗುಲಾಬಬಿ ಮೊಮ್ಮಗಳಿಗೆ ಉಣಿಸಲು ಮನೆಗೆ ಹೋಗಿದ್ದಳು. ಪಡಸಾಲೆಯಲ್ಲಿ ಕೂತಿದ್ದ ಫಕೀರೇಶನಿಗೆ ಏನೋ ಸೀದ ವಾಸನೆ ಬಂತು. ಹಿತ್ತಲ ಬಾಗಿಲಿಗೆ ಹೋಗಿ, "ಏನರ ಹತ್ತಿದ ವಾಸನಿ ಬರ್ತೈತೇನು?" ಎಂದು ಕೇಳಿದ. ಒಲೆಯ ಮುಂದೆಯೇ ಕೂತಿದ್ದ ನೀಲಗಂಗವ್ವ ಎರಡು ಸಲ ಮೂಗು ಎಳೆದು ನೋಡಿ, "ನನಗೇನೂ ಬರವಲ್ದ್ರಿ," ಎಂದಳು.  ಇಡೀ ಓಣಿಯೇ ನಂಬುವ ಮೂಗಿಗೆ ಇಲ್ಲದ ವಾಸನೆ ತನಗೆ ಬರುತ್ತಿದೆ! ಇಲ್ಲದ ವಾಸನೆ ಬರುವುದು ಕಿವಿಯ ಮೇಲಿನ ಭಾಗದ, ಟೆಂಪೊರಲ್ ಎನ್ನುವ ಕಡೆಯ ಗಡ್ಡೆಯ ಮೊದಲ ಸೂಚನೆ, ಸಣ್ಣದೊಂದು ಫಿಟ್ಸು ಅದು ಎಂದು ನೂರಾ ಏಳನೇ ಪುಟದಲ್ಲಿ ಅವನೇ ಬರೆದಿಟ್ಟಿದ್ದ. ಮರುದಿನವೇ ಹೆಂಡತಿಯನ್ನು ಕರೆದುಕೊಂಡು ಹುಬ್ಬಳ್ಳಿಗೆ ಹೋಗಿ ಎಂಆರ್‌ಐ ಮಾಡಿಸಿದ. ಆ ಕೊಳವೆಯೊಳಗೆ ಢಕಢಕ ಸದ್ದಿನ ನಡುವೆ ಮಲಗಿ, ಉಳಿದರೆ ಹೆಂಡತಿಯನ್ನು ಚೆನ್ನಾಗಿ ನೋಡಿಕೊಳ್ಳುತ್ತೇನೆ ಎಂದು ತನ್ನ ಹೆಸರಿನ ದೇವರಾದ ಫಕೀರೇಶ್ವರನಿಗೆ ಹರಕೆ ಹೊತ್ತ. ರಿಪೋರ್ಟಿನಲ್ಲಿ ಏನೂ ಇರಲಿಲ್ಲ. ಏನೂ ಇಲ್ಲದ್ದರಿಂದ ಹರಕೆ ತೀರಿಸುವ ಗಡಿಬಿಡಿಯೂ ಕಾಣಲಿಲ್ಲ. ವಾರ ಕಳೆದ ಮೇಲೆ ಗುಲಾಬಬಿಯ ಖಾರ ಕಹಿಯಾಗಿದೆ ಎಂದು ಸುದ್ದಿ ಬಂತು. ಗಂಡನ ಚಿಂತೆಯಲ್ಲಿ ಪಾಪ ಕೈತಪ್ಪಿದೆ, ತನ್ನ ಮೇಲೆ ಇಷ್ಟು ಜೀವವೇ ಇವಳಿಗೆ ಎಂದು ಫಕೀರೇಶನಿಗೆ ಒಳಗೊಳಗೇ ಹಿಗ್ಗು. ತಾನು ಹುಬ್ಬಳ್ಳಿಗೆ ಹೊರಟದ್ದು ಖಾರ ಹುರಿದಾದ ಮೇಲೆ ಎಂಬ ಲೆಕ್ಕ ಅವನ ಹಿಗ್ಗಿಗೆ ಅಡ್ಡ ಬರಲಿಲ್ಲ. ಈ ವರ್ಷ ಗುಲಾಬಬಿ ತನ್ನ ಅಂಗಳದಲ್ಲೇ ಒಲೆ ಹೂಡಿ ಖಾರ ಹುರಿದುಕೊಂಡಳು. ಗೋಡೆಯಾಚೆಯಿಂದ ಕಂಪು ಮನೆಯೆಲ್ಲ ತುಂಬಿದಾಗಲೂ ನೀಲಗಂಗವ್ವ ಒಂದು ಮಾತಾಡದೆ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದಳು. ಎಂಥ ದೊಡ್ಡ ಮನಸ್ಸು ಎಂದುಕೊಂಡು ಫಕೀರೇಶ ತನ್ನ ನಾಡಿ ನೋಡಿಕೊಂಡಿದ್ದ.

ಗದಗಿನಲ್ಲಿ ಡಾಕ್ಟರು ಕೂರುವುದು ಒಂದು ಮಹಡಿಯ ಮೇಲೆ. ಚೀಟಿ ಬರೆಯುವ ಸುಶ್ಮಿತಾ ಎಂಬ ಹುಡುಗಿ ಫೈಲು ಕಂಡ ಕೂಡಲೇ ಹೆಸರು ಕೇಳದೆ ಬರೆದುಕೊಂಡಳು. "ತಲಿ ಫೈಲಿನ ಸರ್ ಬಂದಾರ ನೋಡ್ರಿ," ಎಂದು ಪಕ್ಕದ ನರ್ಸಿಗೆ ಪಿಸುಗುಟ್ಟಿದ್ದು ಅವನಿಗೆ ಸ್ಪಷ್ಟವಾಗಿ ಕೇಳಿಸಿತು. ಕಿವಿ ಚೆನ್ನಾಗಿದೆ ಎಂದು ಸಮಾಧಾನಪಟ್ಟುಕೊಂಡ. ಹೆಂಡತಿಯನ್ನು ಬೆಂಚಿನ ಮೇಲೆ ಕೂರಿಸಿ ಒಳಗೆ ಹೋದ.

"ಬರ್ರಿ ಫಕೀರೇಶ ಅವರ, ಕುಂಡ್ರಿ. ಈ ಸಲ ಯಾವ ಕಡಿ?" ಎಂದರು ಡಾಕ್ಟರ್ ಮೌನೇಶ. ತನಗಿಂತ ಹದಿನೈದು ವರ್ಷ ಚಿಕ್ಕವರು. ಅವರ ನಗುವಿನಲ್ಲಿ ಕೆಡುಕಿರಲಿಲ್ಲ, ಅದೇ ಅವಮಾನ.

"ಎಡಗಡಿ ಹುಬ್ಬಿನ ಮ್ಯಾಲ್ರಿ ಸರ್. ಮುಂಜಾನೆ ಏಳೂದ್ರಾಗನ ನೂಸ್ತಿರತೈತಿ. ತಲಿಯೊಳಗ ಒತ್ತಡ ಹೆಚ್ಚಾದ್ರ ಮುಂಜಾನೆನ ನೋವು ಹೆಚ್ಚ ಅಂತಲ್ರಿ?"

ಡಾಕ್ಟರು ಕಣ್ಣಿನೊಳಗೆ ಬೆಳಕು ಬಿಟ್ಟು ನೋಡಿದರು, ಮೊಣಕಾಲಿಗೆ ಸುತ್ತಿಗೆ ತಟ್ಟಿದರು, ಕೊನೆಗೆ ಅವನ ಚಸ್ಮಾ ತೆಗೆದು ತಾವೇ ಹಾಕಿಕೊಂಡು ನೋಡಿ ವಾಪಸ್ಸು ಕೊಟ್ಟರು. "ಒತ್ತಡ ಇದ್ದಿದ್ರ ಕಣ್ಣಿನ ನರಾ ಬಾತಿರತಿತ್ತು. ಚೊಲೋ ಐತಿ. ನಿಮ್ಮ ಚಸ್ಮಾದ ನಂಬರ ಬದ್ಲಾಗೇತಿ, ಅಷ್ಟ. ಮತ್ತ ಒಂದ ಮಾತು ಕೊಡ್ರಿ. ಒಂದ ವರ್ಷ ನನ್ನ ಮಾರಿ ನೋಡಬ್ಯಾಡ್ರಿ. ಖರೇನ ತ್ರಾಸ ಇದ್ದಾವ್ರು ಹೊರಗ ಕಾಯಾಕ ಹತ್ತ್ಯಾರ."

ಮಾತು ಕೊಟ್ಟ. ಎದ್ದಾಗ ಅನಿಸಿದ್ದು ನೆಮ್ಮದಿಯಲ್ಲ. ಅರ್ಜಿ ತಿರಸ್ಕಾರವಾದವನ ಬೇಸರ. ಬಾಗಿಲು ದೂಡಿ ಹೊರಗೆ ಬಂದರೆ ಗಪ್ಪೆಂದು ನಾತ ಬಡಿಯಿತು. ಬೆಂಚಿನ ಹಿಂದಿನ ರಟ್ಟಿನ ಪೆಟ್ಟಿಗೆಯನ್ನು ಯಾರೋ ಎಳೆದಿದ್ದಾರೆ, ಅದರೊಳಗೆ ಇಲಿ ಸತ್ತು ಎಷ್ಟು ದಿನವಾಗಿತ್ತೋ. ಕಾದು ಕೂತ ಮಂದಿಯೆಲ್ಲ ಸೆರಗು, ಕರವಸ್ತ್ರ, ಅಂಗೈ ಸಿಕ್ಕಿದ್ದರಲ್ಲಿ ಮೂಗು ಮುಚ್ಚಿಕೊಂಡು ಮೆಟ್ಟಿಲ ಕಡೆಗೆ ನುಗ್ಗಿದ್ದರು. ಫಕೀರೇಶ ಒಂದು ಕ್ಷಣವೂ ಯೋಚಿಸದೆ, ಒಬ್ಬ ಮುದುಕಿಯನ್ನು ದಾಟಿಕೊಂಡು ಮೆಟ್ಟಿಲಿಗೆ ಹಾರಿದ. ಅಲ್ಲಿ ನಿಂತು ಉಸಿರು ಬಿಟ್ಟು ಹಿಂದಿರುಗಿ ನೋಡಿದರೆ ಖಾಲಿಯಾದ ಹಾಲಿನಲ್ಲಿ, ಅದೇ ಬೆಂಚಿನ ಮೇಲೆ, ಪೆಟ್ಟಿಗೆಗೆ ಒಂದು ಮೊಳ ದೂರದಲ್ಲಿ, ನೀಲಗಂಗವ್ವ ತೊಡೆಯ ಮೇಲೆ ಚೀಲ ಇಟ್ಟುಕೊಂಡು ಒಬ್ಬಳೇ ಕೂತಿದ್ದಳು. ಮಂದಿ ಯಾಕೆ ಎದ್ದುಹೋದರೆಂದು ಅವಳಿಗೆ ತಿಳಿದಂತೆ ಇರಲಿಲ್ಲ.

"ಏ ನೀಲಾ, ಈ ಕಡಿ ಬಾ! ವಾಸನಿ ಬರವಲ್ದೇನು?"

"ಬರ್ತೈತ್ರಿ," ಎಂದಳು, ಬೆಳಿಗ್ಗೆ ಅಂದಷ್ಟೇ ಬೇಗ. ಕೂತ ಜಾಗದಿಂದ ಏಳಲಿಲ್ಲ.

ಅವನು ಮೂಗು ಮುಚ್ಚಿಕೊಂಡೇ ಅವಳ ಹತ್ತಿರ ಹೋದ. ಯಾಕೆ ಕೇಳಿದನೋ ಗೊತ್ತಿಲ್ಲ, ಮೂರು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ. "ಎಂಥಾ ವಾಸನಿ?"

ನೀಲಗಂಗವ್ವ ಅವನ ಮುಖವನ್ನು ನೋಡಿದಳು, ಅಲ್ಲಿ ಉತ್ತರ ಸಿಗಲಿಲ್ಲ. ಕಣ್ಣು ಹಾಲಿನಲ್ಲೆಲ್ಲ ಆಡಿ ಸುಶ್ಮಿತಾಳ ಮೇಜಿನ ಮೇಲೆ ದೇವರ ಫೋಟೋದ ಮುಂದೆ ಹೊಗೆಯಾಡುತ್ತಿದ್ದ ಕಡ್ಡಿಯ ಮೇಲೆ ನಿಂತಿತು. "ಊದಿನಕಡ್ಡೀದು," ಎಂದಳು. "ಚಲೋ ಐತಿ."

ಫಕೀರೇಶನಿಗೆ ಪುಟದ ಸಂಖ್ಯೆಯೇ ಮೊದಲು ನೆನಪಾದದ್ದು. ಅರವತ್ತೆರಡು. ಮೆನಿಂಜಿಯೋಮಾ: ಮಿದುಳಿನದಲ್ಲ, ಅದರ ಹೊದಿಕೆಯ ಗಡ್ಡೆ; ಬಹುಪಾಲು ಕ್ಯಾನ್ಸರ್ ಅಲ್ಲ; ವರ್ಷಗಟ್ಟಲೆ ನಿಧಾನವಾಗಿ ಬೆಳೆಯುತ್ತದೆ; ಹಣೆಯ ಹಿಂದೆ ತಳದಲ್ಲಿ ಬೆಳೆದರೆ ಮೊದಲು ವಾಸನೆ ಹೋಗುತ್ತದೆ; ಹೆಂಗಸರಲ್ಲಿ ಹೆಚ್ಚು. ಈ ಕೊನೆಯ ಸಾಲಿನ ಪಕ್ಕ, ಅಂಚಿನಲ್ಲಿ, ಕೆಂಪು ಶಾಯಿಯಲ್ಲಿ ಅವನೇ ಬರೆದಿದ್ದ: 'ಆದರೂ ಗಂಡಸರಿಗೂ ಬರಬಹುದು.' ಮೆಣಸಿನಕಾಯಿಯ ಘಾಟಿಗೆ ಅವಳೂ ಎಲ್ಲರಂತೆ ಕೆಮ್ಮುತ್ತಿದ್ದಳು, ಅದು ಬೇರೆ ನರದ ಕೆಲಸ. ಅದನ್ನೂ ಬರೆದವನು ಅವನೇ. ಎಲ್ಲ ಗೊತ್ತಿತ್ತು. ಮಿದುಳಿನ ಗಡ್ಡೆಗಳ ಬಗ್ಗೆ ಮುಂಡರಗಿ ತಾಲೂಕಿನಲ್ಲಿ ತನ್ನಷ್ಟು ತಿಳಿದ ಗುಮಾಸ್ತ ಇನ್ನೊಬ್ಬನಿರಲಿಕ್ಕಿಲ್ಲ, ಮತ್ತು ಅಷ್ಟು ತಿಳಿದವನ ಎದುರಿಗೆ ಆ ಹೆಂಗಸು ದಿನಾ ರೊಟ್ಟಿ ಬಡಿಯುತ್ತಿದ್ದಳು.

"ಹೋಗೂಣೇನ್ರಿ?" ಎಂದು ನೀಲಗಂಗವ್ವ ಎದ್ದಳು. ಫಕೀರೇಶ ಹೂಂ ಎಂದ. ಅಂದದ್ದು ನಿಜ, ಆಮೇಲೆ ಅದನ್ನು ಎಷ್ಟು ಸಲ ಬೇರೆ ಥರ ನೆನಪಿಸಿಕೊಳ್ಳಲು ನೋಡಿದರೂ ಅಂದದ್ದು ನಿಜ. ನಾಲ್ಕು ಮೆಟ್ಟಿಲು ಇಳಿದೂ ಇಳಿದ. ಒಂದು ವರ್ಷ ಮುಖ ತೋರಿಸುವುದಿಲ್ಲ ಎಂದು ಮಾತು ಕೊಟ್ಟು ಎರಡು ನಿಮಿಷವಾಗಿಲ್ಲ. ಈಗ ವಾಪಸ್ಸು ಹೋದರೆ ಸುಶ್ಮಿತಾ ನಗುತ್ತಾಳೆ, ನರ್ಸು ನಗುತ್ತಾಳೆ, ಡಾಕ್ಟರು ನಗದೆ ಇರಲು ಪ್ರಯತ್ನಿಸುತ್ತಾರೆ. ನೆಗಡಿಯಿಂದಲೂ ವಾಸನೆ ಹೋಗುತ್ತದೆ. ವಯಸ್ಸಿನಿಂದಲೂ ಹೋಗುತ್ತದೆ. ಮುಂದಿನ ತಿಂಗಳು ಲಕ್ಷ್ಮೇಶ್ವರದಲ್ಲಿ ಯಾರಾದರೂ ಮೂಗಿನ ಡಾಕ್ಟರಿಗೆ ತೋರಿಸಿದರಾಯಿತು. ತನ್ನ ಹುಬ್ಬು ನೋವಿಗೆ ಒಂದು ಗುರುವಾರವನ್ನೂ ಕಾಯಲಾಗದವನು ಇವಳಿಗಾಗಿ ಒಂದು ತಿಂಗಳನ್ನು ಎಷ್ಟು ಸಲೀಸಾಗಿ ಒದಗಿಸಿಬಿಟ್ಟ! ಐದನೆಯ ಮೆಟ್ಟಿಲ ಮೇಲೆ ಅವನಿಗೆ ತನ್ನ ಮೇಲೆ ಹೇಸಿಗೆ ಬಂತು. ತಲೆಯ ಬಗೆಗಿನ ಹೆದರಿಕೆಗಿಂತ, ನಗೆಪಾಟಲಾಗುವ ಹೆದರಿಕೆಗಿಂತ ಆ ಹೇಸಿಗೆ ಒಂದು ಕೂದಲಷ್ಟು ಹೆಚ್ಚಿತ್ತು, ಅಷ್ಟೇ. ಹೆಂಡತಿಯ ಕೈ ಹಿಡಿದು ಮೇಲಕ್ಕೆ ತಿರುಗಿದ.

"ಸರ್, ನಿಮ್ಮದ ಆತಲ್ರಿ," ಎಂದಳು ಸುಶ್ಮಿತಾ. ನಕ್ಕಳು. ನರ್ಸೂ ನಕ್ಕಳು. ಅವನು ಬಾಗಿಲು ತಟ್ಟದೆ ಒಳಗೆ ಹೋದ.

"ನನ್ನದಲ್ರಿ ಸರ್," ಎಂದ. "ನಮ್ಮ ಮನಿಯಾಕೀದು. ಈಕಿಗೆ ವಾಸನಿ ತಿಳಿಯವಲ್ದು."

ಡಾಕ್ಟರ್ ಮೌನೇಶ ಪೆನ್ನು ಕೆಳಗಿಟ್ಟರು. "ಫಕೀರೇಶ ಅವರ, ಈಗ ಮನಿ ಮಂದಿಗೂ ಹಚ್ಚಿದ್ರೇನು ಇದನ್ನ?"

"ನನ್ನ ಮಾತು ನಂಬಬ್ಯಾಡ್ರಿ. ನಾ ನಂಬೂ ಮನಶ್ಯಾ ಅಲ್ಲ, ಖರೆ. ನೀವ ನೋಡ್ರಿ. ಕಾಫಿ ಪುಡಿ ನನ್ನ ಕಿಸೇದಾಗ ಐತ್ರಿ." ಬಾಟಲಿ ತೆಗೆದು ಮೇಜಿನ ಮೇಲಿಟ್ಟ. ಅವನ ಕೈ ನಡುಗುತ್ತಿತ್ತು. ಅದನ್ನು ಗಮನಿಸಲು ಅವನಿಗೆ ಪುರಸೊತ್ತಿರಲಿಲ್ಲ.

ಕಿಸೆಯಲ್ಲಿ ಕಾಫಿ ಪುಡಿ ಇಟ್ಟುಕೊಂಡು ತಿರುಗುವ ಮನುಷ್ಯನನ್ನು ಡಾಕ್ಟರು ಅರೆಗಳಿಗೆ ನೋಡಿ, ಬೇಗ ಸಾಗಹಾಕುವ ಉದ್ದೇಶದಿಂದಲೇ ಇರಬೇಕು, ನೀಲಗಂಗವ್ವನನ್ನು ಕೂರಿಸಿದರು. ಕಣ್ಣು ಮುಚ್ಚಲು ಹೇಳಿ, ಒಂದು ಹೊಳ್ಳೆ ಒತ್ತಿ ಬಾಟಲಿ ಹಿಡಿದರು. "ಏನವ್ವಾ ಇದು?"

"ಬರ್ತೈತ್ರಿ."

"ಏನ ಬರ್ತೈತಿ?"

"ವಾಸನಿ."

"ಯಾತರದ್ದು?"

ಅವಳು ಕಣ್ಣು ಮುಚ್ಚಿಕೊಂಡೇ ಗಂಡನಿದ್ದ ಕಡೆಗೆ ಮುಖ ತಿರುಗಿಸಿದಳು. ಡಾಕ್ಟರು ಇನ್ನೊಂದು ಹೊಳ್ಳೆಗೆ ಹಿಡಿದರು, ಅದೇ ಮಾತು. ಆಮೇಲೆ ಬಾಟಲಿಯನ್ನು ಮುಚ್ಚಿ ಬದಿಗಿಟ್ಟು, ಬರಿಗೈ ಚಾಚಿ, "ಈಗ?" ಎಂದರು.

"ಬರ್ತೈತ್ರಿ," ಎಂದಳು ನೀಲಗಂಗವ್ವ.

ಡಾಕ್ಟರ ಮುಖದಲ್ಲಿ ಉಳಿದಿದ್ದ ನಗು ಹೋಯಿತು. ಟಾರ್ಚು ಹಿಡಿದು ಅವಳ ಕಣ್ಣಿನೊಳಗೆ ಬಹಳ ಹೊತ್ತು ನೋಡಿದರು. "ಯಾವಾಗಿಂದ ಐತಿ ಇದು?" ಎಂದು ಕೇಳಿದ್ದು ಅವನನ್ನು. ಫಕೀರೇಶನಿಗೆ ಗೊತ್ತಿರಲಿಲ್ಲ. ಆದರೂ ಕೈ ತಾನಾಗಿ ಫೈಲಿಗೆ ಹೋಯಿತು, ಹಾಳೆ ಮಗುಚಿತು, ಒಂದು ಕಡೆ ನಿಂತಿತು. ಹೋದ ವರ್ಷದ ಏಪ್ರಿಲ್, ಬೆಳಿಗ್ಗೆ ಹನ್ನೊಂದೂ ಹತ್ತು. ಡಾಕ್ಟರು ಫೈಲನ್ನು ತಮ್ಮ ಕಡೆಗೆ ತಿರುಗಿಸಿಕೊಂಡು ಗಟ್ಟಿಯಾಗಿ ಓದಿದರು: "ಸುಟ್ಟ ವಾಸನೆ. ನನಗೆ ಬಂತು. ಪತ್ನಿಗೆ ಬಂದಿಲ್ಲ. ಟೆಂಪೊರಲ್ ಇರಬಹುದೇ?" ಕೊನೆಯ ಪ್ರಶ್ನೆಯನ್ನು ಅವರು ಎರಡು ಸಲ ಓದಿದರು. ಹುರಿಯುವ ಖಾರ ಸೀದಿತ್ತು. ಸೀದ ವಾಸನೆ ಬಂದಿತ್ತು. ವಾಸನೆ ಸರಿಯಾಗಿ ತಿಳಿದವನು ತನಗೇ ರೋಗವೆಂದು ಸ್ಕ್ಯಾನ್ ಮಾಡಿಸಿಕೊಳ್ಳಲು ಓಡಿದ್ದ, ತಿಳಿಯದವಳನ್ನು ಸಾಕ್ಷಿಗೆ ಇಟ್ಟುಕೊಂಡು.

"ಅವತ್ತ ಇವರಿಗೆ ಹೇಳಿದ್ನಲ್ರಿ ನಾ, ಬರವಲ್ದು ಅಂತ," ಎಂದಳು ನೀಲಗಂಗವ್ವ ಡಾಕ್ಟರಿಗೆ. ದೂರುವ ದನಿಯಲ್ಲ, ಕೇಳಿದ್ದಕ್ಕೆ ಹೇಳುವ ದನಿ. "ಮರುದಿನ ಇವರು ತಮ್ಮ ತಲಿ ತೋರಸಾಕ ಹುಬ್ಬಳ್ಳಿಗೆ ಹೋದ್ರು. ಭಾಳ ಅಂಜಿದ್ರು. ಅದಕ್ಕ ಆಮ್ಯಾಲೆ ಬರ್ತೈತಿ ಅಂತನ ಹೇಳ್ಕೋತ ಬಂದೇನಿ."

ಎದುರಿನ ಕಟ್ಟಡದಲ್ಲಿ ಸ್ಕ್ಯಾನ್ ಆಗುವ ಹೊತ್ತು ಫಕೀರೇಶ ಹೊರಗೆ ಕೂತ. ಒಳಗಿನ ಢಕಢಕ ಸದ್ದು ಅವನಿಗೆ ಪರಿಚಿತ. ಹೊರಗಿನಿಂದ ಕೇಳಿದ್ದು ಇದೇ ಮೊದಲು. ಒಳಗಿದ್ದಾಗ ಅವನು ತನ್ನ ಬಗ್ಗೆ ಎಷ್ಟೆಲ್ಲ ಯೋಚಿಸಿದ್ದ, ಹೊರಗೆ ಇವಳು ಹೀಗೆ ಚೀಲ ಹಿಡಿದು ಕೂತು ಏನು ಯೋಚಿಸುತ್ತಿದ್ದಳು ಎಂದು ಕೇಳಿಯೇ ಇರಲಿಲ್ಲ. ಅವಳನ್ನು ಒಳಗೆ ಕಳಿಸುವ ಮೊದಲು ಅರ್ಜಿಯ ಕಾಲಂಗಳನ್ನು ತುಂಬಿಸುವಾಗ ಅವಳ ವಯಸ್ಸಿನ ಹತ್ತಿರ ಪೆನ್ನು ನಿಂತಿತು, ನಲವತ್ತೆಂಟೋ ನಲವತ್ತೊಂಬತ್ತೋ. ಔಷಧಿ ಒಗ್ಗದಿರುವುದು ಏನಾದರೂ ಇದೆಯೇ ಎನ್ನುವಲ್ಲಿ ಗದಗಿನಲ್ಲೇ ನರ್ಸಿಂಗ್ ಓದುತ್ತಿರುವ ಮಗಳು ಅಂಕಿತಾಗೆ ಫೋನ್ ಮಾಡಿ ಕೇಳಿದ. "ಅವ್ವಗೇನಾಗೇತಪ್ಪಾ?" ಎಂದು ಅವಳು ಚೀರಿದಳು, "ನಾ ಎಷ್ಟ ಸಲ ಹೇಳೇನಿ, ಅವ್ವ ಮೊದಲಿನಂಗ ಇಲ್ಲ, ಅವ್ವ ಮೊದಲಿನಂಗ ಇಲ್ಲ ಅಂತ." ಹೇಳಿದ್ದಳು. ತನ್ನ ಪಿಟ್ಯುಟರಿಯ ತಿಂಗಳು ಅದು.

ಸಂಜೆ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಚ್ಚಿದರು. ಹಣೆಯ ಹಿಂದೆ, ನಡುವಿನಲ್ಲಿ, ಲಿಂಬೆಹಣ್ಣಿನಷ್ಟು ಬೆಳ್ಳಗೆ, ದುಂಡಗೆ. ಫಕೀರೇಶನ ಕಣ್ಣು ಮೊದಲು ಹೋದದ್ದು ಮೂಲೆಯಲ್ಲಿದ್ದ ಹೆಸರಿಗೆ. ತನ್ನದಲ್ಲ ಎಂದು ಖಾತ್ರಿಯಾದಾಗ ಎದೆ ಹಗುರಾಯಿತು. ಹಗುರಾದದ್ದು ತಿಳಿದ ಕೂಡಲೇ ಆ ಎದೆಗೆ ಗುದ್ದಿಕೊಳ್ಳಬೇಕೆನಿಸಿತು. ಡಾಕ್ಟರು ಮೆಲ್ಲಗೆ ಹೇಳುತ್ತ ಹೋದರು. ಹೊದಿಕೆಯ ಗಂಟು ಇದು, ಹೆಚ್ಚಾಗಿ ಕೆಟ್ಟದ್ದಿರುವುದಿಲ್ಲ, ತೆಗೆದು ಪರೀಕ್ಷೆಗೆ ಕಳಿಸಿದ ಮೇಲೆ ಖಚಿತ. ಸುತ್ತ ಬಾವು ಬಂದಿದೆ, ಅದಕ್ಕೆ ಇವತ್ತಿನಿಂದಲೇ ಗುಳಿಗೆ, ಫಿಟ್ಸು ಬಾರದಿರಲಿ ಎಂದು ಇನ್ನೊಂದು. ಮುಂದಿನ ವಾರ ಹುಬ್ಬಳ್ಳಿಯಲ್ಲಿ ಆಪರೇಷನ್. ಪೂರ್ತಿ ಬಂದರೆ ಅಷ್ಟಕ್ಕೇ ಮುಗಿಯಿತು, ಏನಾದರೂ ಉಳಿದರೆ ಆಮೇಲೆ ವಿಕಿರಣದ ಮಾತು. ಇನ್ನೂ ತಡವಾಗಿದ್ದರೆ ಕಣ್ಣಿಗೆ ಬರುತ್ತಿತ್ತು, ಜೀವಕ್ಕೂ ಬರುತ್ತಿತ್ತು. ಹೋದ ವಾಸನೆ ತಿರುಗಿ ಬರುವುದು ಕಷ್ಟ. ಇದಕ್ಕೆಲ್ಲ ಕೇಳಬೇಕಾದ ಪ್ರಶ್ನೆಗಳು ಫೈಲಿನಲ್ಲಿ ಕ್ರಮವಾಗಿ ಇದ್ದವು. ಫೈಲು ಅವನ ತೊಡೆಯ ಮೇಲೆ ಮುಚ್ಚಿಕೊಂಡೇ ಇತ್ತು.

"ಇನ್ನೊಂದ ಕೇಳಬೇಕು," ಎಂದರು ಡಾಕ್ಟರ್ ಮೌನೇಶ. "ಈ ಜಾಗಾ ಮನಶ್ಯಾನ ಸ್ವಭಾವದ ಜಾಗಾ. ಇವರ ನಡಾವಳಿ ಏನರ ಬದ್ಲಾಗಿತ್ತೇನು? ಸಿಟ್ಟು, ಮಾತು, ನಗೂದು? ನೆನಿಸಿಕೊಂಡು ಬರೋಬ್ಬರಿ ಹೇಳ್ರಿ. ಎಷ್ಟ ದಿನದಿಂದ ಒತ್ತಾಕ ಹತ್ತೇತಿ ಅಂತ ನನಗ ತಿಳೀಬೇಕು."

ಫೈಲು ತೆರೆಯುವುದರಲ್ಲಿ ಅರ್ಥವಿರಲಿಲ್ಲ, ಅದರಲ್ಲಿ ಅವಳ ಸ್ವಭಾವದ ಬಗ್ಗೆ ಒಂದು ಸಾಲೂ ಇರಲಿಲ್ಲ. ಆದರೆ ಅದು ಅವನಿಗೆ ಗೊತ್ತಿತ್ತು, ಯಾವ ಕಾಗದವೂ ಇಲ್ಲದೆ ಗೊತ್ತಿತ್ತು. ನೀಲಗಂಗವ್ವ ಜಗಳಗಂಟಿಯಾಗಿದ್ದಳು. ಒಂದು ಚಿಟಿಕೆ ಉಪ್ಪಿಗೆ ಒಂದು ತಾಸು ವಾದ ಹೂಡುತ್ತಿದ್ದಳು. ಹಮ್ಮಿಗಿಯಲ್ಲಿದ್ದ ತನ್ನ ತಂಗಿಗೆ ಫೋನು ಹಚ್ಚಿ, ಅವನಿಗೆ ಕೇಳಲೆಂದೇ ಗಟ್ಟಿಯಾಗಿ, ಅವನ ನಾಲಿಗೆ ಚಾಚುವ ಪರೀಕ್ಷೆಗಳನ್ನು ಬಣ್ಣಿಸಿ ಹೊಟ್ಟೆ ಹಿಡಿದು ನಗುತ್ತಿದ್ದಳು. "ನಿಮ್ಮ ತಲಿಯೊಳಗ ಏನಿಲ್ರಿ, ಖಾಲಿ ಐತಿ, ಅದಕ್ಕ ಗುಂಯ್ ಅಂತೈತಿ," ಎಂದಿದ್ದಳು ಒಂದು ಸಲ, ಮತ್ತು ಆ ಫೈಲನ್ನು ಅಂಗಳಕ್ಕೆ ಎಸೆದಿದ್ದಳು. ಎರಡು ದೀಪಾವಳಿಗಳ ಹಿಂದೆ ಅದೆಲ್ಲ ನಿಂತುಹೋಯಿತು. ಬೈಯಲಿಲ್ಲ, ನಗಲಿಲ್ಲ, ಬಡಿಸಿದ್ದು ಉಂಡನೋ ಬಿಟ್ಟನೋ ನೋಡಲಿಲ್ಲ. ನಿಂತದ್ದು ಅವನಿಗೆ ಚೆನ್ನಾಗಿ ನೆನಪಿತ್ತು, ಯಾಕೆಂದರೆ ಕಚೇರಿಯಲ್ಲಿ ಎಲ್ಲರಿಗೂ ಹೇಳಿದ್ದ. ನಮ್ಮ ಮನಿಯಾಕಿ ಭಾಳ ಶಾಂತ ಆಗ್ಯಾಳ್ರಿ, ತಾಳ್ಮಿ ಇರಬೇಕ್ರಿ ಗಂಡಸಿಗೆ, ಎಂದು ಮದುವೆ ನಿಶ್ಚಯವಾದ ಹುಡುಗರಿಗೆ ಉಪದೇಶವನ್ನೂ ಮಾಡಿದ್ದ.

"ಎರಡ ವರ್ಷ ಆತ್ರಿ ಸರ್," ಎಂದ. "ಜಗಳಾ ಮಾಡೂದು ಬಿಟ್ಲು. ನಗೂದೂ ಬಿಟ್ಲು."

"ಆವಾಗ ನಿಮಗ ಏನೂ ಅನಸಲಿಲ್ಲೇನು?"

ಗಾಬರಿಯಾಯಿತು ಎನ್ನಬಹುದಿತ್ತು. ಔಷಧಿಗೆ ಅದರಿಂದ ಏನೂ ವ್ಯತ್ಯಾಸವಾಗುತ್ತಿರಲಿಲ್ಲ. ಪಕ್ಕದಲ್ಲಿ ಹೆಂಡತಿ ಕೂತಿದ್ದಳು, ಬಾಗಿಲಲ್ಲಿ ಸುಶ್ಮಿತಾ ಚೀಟಿ ಹಿಡಿದು ನಿಂತಿದ್ದಳು.

"ಚಲೋ ಆತು ಅನಸ್ತ್ರಿ," ಎಂದ ಫಕೀರೇಶ.

 ಅವನು ಹೆಂಡತಿಯ ಕಡೆ ತಿರುಗಿದ. ಬೈಯೇ, ಎಂದು ಮನಸ್ಸಿನಲ್ಲೇ ಗೋಗರೆದ. ಈ ಡಾಕ್ಟರ ಮುಂದೆ, ಈ ಹುಡುಗಿಯ ಮುಂದೆ, ಹೊರಗಿರುವ ಮಂದಿಗೆಲ್ಲ ಕೇಳುವ ಹಾಗೆ, ಒಂದು ಸಲ ಬಾಯಿ ತುಂಬ ಬೈಯೇ ಮಾರಾಯ್ತಿ.

ನೀಲಗಂಗವ್ವ ಡಾಕ್ಟರನ್ನು ನೋಡಿ ತಲೆಯಾಡಿಸಿದಳು. "ಖರೆ ಐತ್ರಿ ಸರ್," ಎಂದಳು. "ಈ ಎರಡ ವರ್ಷ ಇವರು ಭಾಳ ಖುಷೀಲೆ ಇದ್ರು."

ಆ ಮಾತಿನಲ್ಲಿ ಎಲ್ಲಾದರೂ ಒಂದು ಚುಚ್ಚು ಇರಲಿ ಎಂದು ಫಕೀರೇಶ ಕಿವಿಗೊಟ್ಟು ಕೇಳಿದ. ಇರಲಿಲ್ಲ.